ಗುಬ್ಬಿ–ಕುಣಿಗಲ್: ನಕ್ಷೆಯ ದೂರ, ಲಾರಿಯ ದೂರ

ಗುಬ್ಬಿಯಿಂದ ಕುಣಿಗಲ್ ಎಷ್ಟು ದೂರವೆಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಅಕ್ಷಾಂಶ, ರೇಖಾಂಶಗಳ ಲೆಕ್ಕದಿಂದ ದೊರೆಯುವ ನೇರ ಅಂತರ ಸುಮಾರು 33 ಕಿ.ಮೀ. ಆದರೆ ಸರಕು ತುಂಬಿದ ಲಾರಿ ತುಮಕೂರಿನ ಮೂಲಕವೇ ಸಾಗಿದಲ್ಲಿ, ಗುಬ್ಬಿಯಿಂದ ತುಮಕೂರಿಗೆ ಸುಮಾರು 20, ಅಲ್ಲಿಂದ ಕುಣಿಗಲ್‌ಗೆ ಸುಮಾರು 37, ಒಟ್ಟು 57 ಕಿ.ಮೀ. ಆಗುತ್ತದೆ. ಹೋಗಿಬರುವ ಬಾಡಿಗೆಯಲ್ಲಿ ಈ ವ್ಯತ್ಯಾಸ 48 ಕಿ.ಮೀ.! ದರಪಟ್ಟಿ ಬರೆಯುವಾಗ ಮೊದಲ ಅಂಕಿಯನ್ನು ನಂಬಿದ ವರ್ತಕನ ಲಾಭ ಡೀಸೆಲ್ಲಿನಲ್ಲಿಯೇ ಕರಗುತ್ತದೆ.

ನಮ್ಮ ಹೆದ್ದಾರಿಗಳು ತುಮಕೂರನ್ನು ನಾಭಿಯಾಗಿಟ್ಟುಕೊಂಡು ಹರಡಿವೆ. ಆದ್ದರಿಂದ ತುಮಕೂರಿನಿಂದ ಈ ಎರಡು ಊರುಗಳಿಗೆ ನಕ್ಷೆಯ ದೂರಕ್ಕೂ ರಸ್ತೆಯ ದೂರಕ್ಕೂ ಹೆಚ್ಚು ಭೇದವಿಲ್ಲ. ತ್ರಿಕೋನದ ಮೂರನೆಯ ಭುಜದಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಒಳರಸ್ತೆಗಳಿಂದ ದೂರ ತಗ್ಗುವುದುಂಟು. ಭಾರದ ಲಾರಿಗೆ ಅವು ಎಷ್ಟು ಅನುಕೂಲವೆಂಬುದನ್ನು ಚಾಲಕರನ್ನೇ ಕೇಳಬೇಕು. ರೈಲಿನ ಸ್ಥಿತಿ ಇನ್ನೂ ವಿಚಿತ್ರ. ಗುಬ್ಬಿಯು ಅರಸೀಕೆರೆ ಮಾರ್ಗದಲ್ಲಿದ್ದರೆ, ಕುಣಿಗಲ್ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗದಲ್ಲಿದೆ. ಚಿಕ್ಕಬಾಣಾವರದವರೆಗೆ ಹೋಗಿ ತಿರುಗಿ ಬಂದರೆ ನೂರು ಕಿಲೋಮೀಟರಿಗೂ ಅಧಿಕ.

ಕೆನಡಾದ ಧ್ರುವಪ್ರದೇಶವಾದ ನುನಾವುಟ್‌ನಲ್ಲಿ 25 ಜನವಸತಿಗಳಿದ್ದು, ಅವುಗಳನ್ನು ಪರಸ್ಪರ ಜೋಡಿಸುವ ರಸ್ತೆಗಳಿಲ್ಲ. ಬೇಸಿಗೆಯಲ್ಲಿ ಹಡಗು, ಉಳಿದಂತೆ ವಿಮಾನ. ಅಲ್ಲಿನ ವರ್ತಕನಿಗೆ ವಾಯುಮಾರ್ಗದ ದೂರವೇ ನಿಜವಾದ ದೂರ. ನಮ್ಮಲ್ಲಿ ಅದು ಉಪಯೋಗಕ್ಕೆ ಬರುವುದು ಹೆಲಿಕಾಪ್ಟರಿಗೆ ಮಾತ್ರ. ಅದನ್ನು ತಯಾರಿಸುವ ಎಚ್‌ಎಎಲ್ ಕಾರ್ಖಾನೆಯು 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡದ್ದು ಗುಬ್ಬಿ ತಾಲ್ಲೂಕಿನಲ್ಲಿಯೇ ಎಂಬುದು ಬೇರೆ ಮಾತು.

ದೂರದ ಅಂಕಿಯನ್ನು ಕಾನೂನೂ ಕೇಳುತ್ತದೆ. 50,000 ರೂ. ಮೀರಿದ ಸರಕಿಗೆ ಕರ್ನಾಟಕದೊಳಗೂ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಯಲ್ಲಿದೆ. ಪಿನ್ ಕೋಡ್‌ಗಳನ್ನು ನಮೂದಿಸಿದೊಡನೆ ಜಾಲತಾಣವೇ ದೂರವನ್ನು ತೋರಿಸುತ್ತದೆ, ಅದಕ್ಕಿಂತ ಶೇ. 10ರಷ್ಟು ಮಾತ್ರ ಹೆಚ್ಚಿಸಿ ಬರೆಯಲು ಅವಕಾಶವುಂಟು. 2021ರ ಜನವರಿಯಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿಯಿರುವುದರಿಂದ ಜಿಲ್ಲೆಯೊಳಗಿನ ಸಾಗಣೆಗೆ ಕಾಲಾವಕಾಶದ ತೊಂದರೆಯಿಲ್ಲ.

ಎಚ್ಚರ ವಹಿಸಬೇಕಾದದ್ದು 50 ಕಿ.ಮೀ. ವಿನಾಯಿತಿಯಲ್ಲಿ. ಸರಕನ್ನು ಮುಂದಿನ ಸಾಗಣೆಗಾಗಿ ರಾಜ್ಯದೊಳಗೆ 50 ಕಿ.ಮೀ. ವ್ಯಾಪ್ತಿಯಲ್ಲಿರುವ ಸಾಗಣೆದಾರರ ಮಳಿಗೆಗೆ ತಲುಪಿಸುವಾಗ ಇ-ವೇ ಬಿಲ್ ಬೇಕು, ಆದರೆ ವಾಹನದ ವಿವರಗಳ 'ಬಿ' ಭಾಗವನ್ನು ತುಂಬದಿರಬಹುದು. ಗುಬ್ಬಿಯ ಕೊಬ್ಬರಿ ವ್ಯಾಪಾರಿ ತುಮಕೂರಿನ ಸಾಗಣೆದಾರರಿಗೆ ಮಾಲು ಒಪ್ಪಿಸಿದರೆ ವಿನಾಯಿತಿ ನಿಸ್ಸಂದೇಹ. ಅದೇ ಮಾಲನ್ನು ತುಮಕೂರಿನ ಮೇಲಿಂದ ಕುಣಿಗಲ್‌ನ ಸಾಗಣೆದಾರರಿಗೆ ಕಳುಹಿಸುವಾಗ, ನಕ್ಷೆಯ 33 ಕಿ.ಮೀ.ಯನ್ನು ನೆಚ್ಚಿ 'ಬಿ' ಭಾಗವನ್ನು ಖಾಲಿ ಬಿಟ್ಟರೆ, ದಾರಿಯಲ್ಲಿ ತಪಾಸಣಾಧಿಕಾರಿಗೆ ಉತ್ತರಿಸುವುದು ಕಷ್ಟ. ಲಾರಿಯ ನೋಂದಣಿ ಸಂಖ್ಯೆಯನ್ನು ಬರೆಯಲು ತಗಲುವುದು ಒಂದು ನಿಮಿಷ. ವಾಹನ ತಡೆಹಿಡಿಯಲ್ಪಟ್ಟರೆ ಬಿಡಿಸಿಕೊಳ್ಳಲು ದಂಡದೊಂದಿಗೆ ದಿನಗಳೇ ಬೇಕಾಗಬಹುದು.