ಕಚ್ಚಿಕೊಂಡ ಚಕ್ರವನ್ನು ಕಳಚುವ ಬಗೆ

ಯಂತ್ರವನ್ನು ಜೋಡಿಸುವುದು ಎಷ್ಟು ದೊಡ್ಡ ವಿದ್ಯೆಯೋ, ಜೋಡಿಸಿದ್ದನ್ನು ಕೆಡಿಸದೆ ಬಿಚ್ಚುವುದೂ ಅಷ್ಟೇ ದೊಡ್ಡ ವಿದ್ಯೆ. ಸನ್ನೆ, ಬೆಣೆ, ತಿರುಪು ಮೊದಲಾದ ಸರಳ ಯಂತ್ರಗಳನ್ನು ಕುರಿತು ವರ್ಷವರ್ಷವೂ ಪಾಠ ಹೇಳುವ ನಮಗೆ ಈ ಮಾತು ಮನದಟ್ಟಾದದ್ದು ಕಾಲೇಜಿನ ಪ್ರಯೋಗಶಾಲೆಯಲ್ಲಲ್ಲ. ಊರ ಹೊರಗೆ ಹೆದ್ದಾರಿಯ ಬದಿಯಲ್ಲಿದ್ದ ಒಂದು ಲಾರಿ ಗ್ಯಾರೇಜಿನಲ್ಲಿ.

ಅಲ್ಲಿ ಹಳೆಯ ಲಾರಿಯೊಂದು ಎರಡು ಮಳೆಗಾಲಗಳನ್ನು ಬಯಲಿನಲ್ಲೇ ನಿಂತು ಕಳೆದಿತ್ತು. ಅದರ ಸ್ಟಿಯರಿಂಗ್ ಕಂಬದ ಮೇಲ್ತುದಿಯ ಬೇರಿಂಗು ಸವೆದಿದ್ದಿತು. ಅದನ್ನು ಬದಲಾಯಿಸಬೇಕಾದರೆ ಮೊದಲು ಚಕ್ರ ಹೊರಬರಬೇಕು. ಹಾರ್ನಿನ ಗುಂಡಿಯನ್ನು ತೆಗೆದದ್ದಾಯಿತು. ನಡುವಣ ನಟ್ಟನ್ನು ಬಿಚ್ಚಿದ್ದೂ ಆಯಿತು. ಚಕ್ರ ಮಾತ್ರ ಅಲುಗಲಿಲ್ಲ. ನಮ್ಮ ಸಂಗಡ ಬಂದಿದ್ದ ವಿದ್ಯಾರ್ಥಿಗಳಲ್ಲಿ ಗಟ್ಟಿಮುಟ್ಟಾದವನೊಬ್ಬನು ಚಾಲಕನ ಪೀಠದಲ್ಲಿ ಕುಳಿತು, ಕಾಲುಗಳನ್ನು ಒದೆಗೊಟ್ಟು, ಎರಡು ಕೈಗಳಿಂದಲೂ ಎಳೆದು ಬೆವರಿದನು. ಇದನ್ನು ಕಂಡ ಗ್ಯಾರೇಜಿನ ಹುಡುಗನು ದೊಡ್ಡ ಸುತ್ತಿಗೆಯೊಂದನ್ನು ತಂದು ದಂಡದ ತುದಿಗೆ ಹೊಡೆಯಲು ಕೈಯೆತ್ತಿದನು. ಮುದುಕ ಮೇಸ್ತ್ರಿ ತಡೆದರು.

"ಬೇಡ ಕಣೋ, ಇಳಿಸು. ನೀನು ಹೊಡೆದ ಏಟು ಚಕ್ರಕ್ಕೆ ಬೀಳೋದಿಲ್ಲ, ಕೆಳಗಿರೋ ಪೆಟ್ಟಿಗೆಗೆ ಬೀಳುತ್ತೆ."

ಮೇಸ್ತ್ರಿಗಳು ಭೌತಶಾಸ್ತ್ರವನ್ನು ಓದಿದವರಲ್ಲ. ಆದರೂ ಬಲವಿಜ್ಞಾನದ ಒಂದು ಮುಖ್ಯ ತತ್ವ ಆ ಮಾತಿನಲ್ಲಿ ಅಡಗಿದೆ. ಅದನ್ನು ಬಿಡಿಸಿ ನೋಡೋಣ.

ಚಕ್ರ ಏಕೆ ಕಚ್ಚಿಕೊಳ್ಳುತ್ತದೆ?

ಹಲವು ಹಳೆಯ ಲಾರಿಗಳಲ್ಲಿ ಸ್ಟಿಯರಿಂಗ್ ದಂಡದ ಮೇಲ್ತುದಿ ನೆಟ್ಟಗಿರುವ ಕಡ್ಡಿಯಂತಿರುವುದಿಲ್ಲ. ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಕಿರಿದಾಗುವ ಶಂಕುವಿನಂತಿರುತ್ತದೆ. ಅದರ ಮೈಮೇಲೆ ಸ್ಪ್ಲೈನ್ ಎಂಬ ಸಣ್ಣ ಹಲ್ಲುಗಳ ಸಾಲಿರುವುದುಂಟು. ಚಕ್ರದ ನಡುವಣ ಗುಂಬದಲ್ಲಿ, ಎಂದರೆ ಮೆಕ್ಯಾನಿಕ್ಕುಗಳು ಹಬ್ ಎಂದು ಕರೆಯುವ ಭಾಗದಲ್ಲಿ, ಇದಕ್ಕೆ ಸರಿಹೊಂದುವ ರಂಧ್ರವಿರುತ್ತದೆ. ಮೇಲಿನ ನಟ್ಟನ್ನು ಬಿಗಿದಂತೆ ಗುಂಬವು ಶಂಕುವಿನ ಮೇಲೆ ಕೆಳಕ್ಕೆ ಜಾರಿ ಬಿಗಿಯುತ್ತದೆ. ಇದು ನಮ್ಮ ಹಳ್ಳಿಗಳ ಕೊಡಲಿಯ ಕಾವಿಗೆ ಹೊಡೆಯುವ ಬೆಣೆಯೇ. ಆದರೆ ಸುತ್ತಲೂ ಸುತ್ತಿಕೊಂಡ ಬೆಣೆ.

ಬೆಣೆ ಏಕೆ ತಾನಾಗಿ ಹಿಂದಕ್ಕೆ ಬರುವುದಿಲ್ಲ? ಒಂದು ಹಲಗೆಯ ಮೇಲೆ ಪುಸ್ತಕವನ್ನಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ಒಂದು ಕೋನದವರೆಗೆ ಪುಸ್ತಕ ಕದಲುವುದಿಲ್ಲ; ಅದನ್ನು ಮೀರಿದೊಡನೆ ಜಾರುತ್ತದೆ. ಇದೇ ಘರ್ಷಣ ಕೋನ. ಎಣ್ಣೆಯ ಪಸೆಯಿರುವ ಉಕ್ಕಿನ ಮೇಲೆ ಉಕ್ಕು ಜಾರುವಾಗ ಘರ್ಷಣ ಗುಣಾಂಕ ಸುಮಾರು 0.15, ಎಂದರೆ ಘರ್ಷಣ ಕೋನ ಸುಮಾರು 8.5 ಡಿಗ್ರಿ. ಶಂಕುವಿನ ವ್ಯಾಸವು ಪ್ರತಿ 10 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ಕಿರಿದಾಗುತ್ತದೆಂದು ಇಟ್ಟುಕೊಳ್ಳೋಣ. ಆಗ ಅದರ ಮೈಯ ಓರೆ 3 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಓರೆಯು ಘರ್ಷಣ ಕೋನಕ್ಕಿಂತ ಕಡಿಮೆಯಿರುವುದರಿಂದ, ನಟ್ಟನ್ನು ತೆಗೆದರೂ ಗುಂಬವು ಕಚ್ಚಿಕೊಂಡೇ ಇರುತ್ತದೆ. ಅಮೆರಿಕದ ಸ್ಟೀಫನ್ ಮೋರ್ಸ್ 19ನೆಯ ಶತಮಾನದಲ್ಲಿ ರೂಪಿಸಿದ ಶಂಕುವೂ ಇದೇ ತತ್ವದ್ದು. ಸುಮಾರು 20ಕ್ಕೆ 1ರಂತೆ ಕಿರಿದಾಗುವ ಆ ಶಂಕುವಿನಲ್ಲಿ ಬೈರಿಗೆಯ ಅಲಗು ನಟ್ಟು ಬೋಲ್ಟುಗಳ ಹಂಗಿಲ್ಲದೆ ನಿಲ್ಲುತ್ತದೆ.

ಹಾಗಾದರೆ ಚಕ್ರ ಕಚ್ಚಿಕೊಂಡದ್ದು ಕೇವಲ ದೋಷವಲ್ಲ. ಓಡುವ ಲಾರಿಯಲ್ಲಿ ಚಾಲಕನ ಕೈಯೊಳಗಿನ ಚಕ್ರ ಸಡಿಲಗೊಳ್ಳದಿರಲೆಂದೇ ಯಂತ್ರಶಿಲ್ಪಿಗಳು ಅದನ್ನು ಹೀಗೆ ಕಚ್ಚುವಂತೆ ಮಾಡಿದ್ದಾರೆ. ನಮ್ಮನ್ನು ಕಾಯುವ ಗುಣವೇ ದುರಸ್ತಿಯ ದಿನ ನಮಗೆ ಎದುರಾಳಿಯಾಗಿ ನಿಲ್ಲುತ್ತದೆ.

ಸ್ವಲ್ಪ ಲೆಕ್ಕ

30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 25 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದು ನಟ್ಟನ್ನು ಬಿಗಿದಿದ್ದಾರೆನ್ನೋಣ. ಕೈ ಒಂದು ಸುತ್ತು ಬರಲು ಸುಮಾರು 1,885 ಮಿಲಿಮೀಟರ್ ಚಲಿಸಬೇಕು. ಅಷ್ಟರಲ್ಲಿ ನಟ್ಟು ಕೆಳಗಿಳಿಯುವುದು, ತಿರುಪಿನ ಒಂದು ಎಳೆಯಷ್ಟು, ಎಂದರೆ 1.5 ಮಿಲಿಮೀಟರ್ ಮಾತ್ರ. ಘರ್ಷಣೆಯೇ ಇಲ್ಲದಿದ್ದರೆ ಬಲವು 1,250 ಪಟ್ಟಿಗೂ ಹೆಚ್ಚಾಗಬೇಕಾಗಿತ್ತು. ಆದರೆ ತಿರುಪಿನ ಎಳೆಗಳೂ ನಟ್ಟಿನ ತಳವೂ ಉಜ್ಜುವುದರಿಂದ, ಅದರ ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆನ್ನೋಣ. ಹಾಗಿದ್ದರೂ ಗುಂಬವನ್ನು ಶಂಕುವಿನ ಮೇಲೆ ಒತ್ತಿದ ಬಲ ಸುಮಾರು 2,000 ಕಿಲೋಗ್ರಾಂ ತೂಕಕ್ಕೆ ಸಮ!

ಬೆಣೆಯನ್ನು ಕೀಳುವಾಗ ಓರೆಯು ನಮಗೆ ಸಹಾಯ ಮಾಡುತ್ತದೆ. ಮೇಲೆ ಹೇಳಿದ ಓರೆಗೂ ಘರ್ಷಣ ಗುಣಾಂಕಕ್ಕೂ ಲೆಕ್ಕ ಹಾಕಿದರೆ, ಕೀಳಲು ಬೇಕಾದದ್ದು ಹೊಡೆದ ಬಲದ ಅರ್ಧದಷ್ಟು. ಆ ಅರ್ಧವೇ 1,000 ಕಿಲೋಗ್ರಾಂ! ನಮ್ಮ ವಿದ್ಯಾರ್ಥಿಯು ಬೆವರಿದ್ದರಲ್ಲಿ ಆಶ್ಚರ್ಯವೇನು? ಇದರ ಮೇಲೆ ತುಕ್ಕು ಬೇರೆ. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಹೀಗೆ ಹಿಗ್ಗಿದ ತುಕ್ಕು ಸಂದುಗಳಲ್ಲಿ ಸಿಕ್ಕಿಕೊಂಡು ಗುಂಬವನ್ನು ಇನ್ನಷ್ಟು ಬಿಗಿಯುತ್ತದೆ.

ಸುತ್ತಿಗೆ ಮತ್ತು ಪುಲ್ಲರ್

ಒಂದು ಕಿಲೋಗ್ರಾಂ ತೂಗುವ ಸುತ್ತಿಗೆಯು ಸೆಕೆಂಡಿಗೆ 5 ಮೀಟರ್ ವೇಗದಿಂದ ಬಂದು, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತಿತೆನ್ನೋಣ. ಆ ಕ್ಷಣದ ಸರಾಸರಿ ಬಲ 5,000 ನ್ಯೂಟನ್, ಎಂದರೆ ಸುಮಾರು 500 ಕಿಲೋಗ್ರಾಂ ತೂಕದಷ್ಟು. ಸುತ್ತಿಗೆಯಿಂದ ಚಕ್ರ ಬಾರದೆಂದಲ್ಲ, ಕೆಲವೊಮ್ಮೆ ಬರುತ್ತದೆ. ಆದರೆ ಆ ಬಲಕ್ಕೆ ಎದುರುಬಲ ಎಲ್ಲಿಂದ ದೊರೆಯುತ್ತದೆ? ದಂಡದ ಗುಂಟ ಇಳಿದ ಏಟನ್ನು ತಡೆದು ನಿಲ್ಲಿಸಬೇಕಾದದ್ದು ಕೆಳಗಿನ ಸ್ಟಿಯರಿಂಗ್ ಪೆಟ್ಟಿಗೆ. ಅದರೊಳಗಿನ ಬೇರಿಂಗಿನ ಉಕ್ಕಿನ ಗುಂಡುಗಳು ತಮ್ಮ ಹಾದಿಯನ್ನು ಮುಟ್ಟುವುದು ಬಹು ಕಿರಿದಾದ ಜಾಗದಲ್ಲಿ. ಆದ್ದರಿಂದ ಅಲ್ಲಿ ಒತ್ತಡ ವಿಪರೀತವಾಗಿ, ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬೀಳಬಹುದು. ದಂಡದ ತುದಿಯ ಎಳೆಗಳೂ ಜಜ್ಜಿಹೋಗಬಹುದು. ಚಕ್ರ ಬಂದಿತೆಂದು ನಾವು ಸಂತೋಷಪಡುತ್ತೇವೆ; ಆದ ಹಾನಿಯು ಪೆಟ್ಟಿಗೆಯೊಳಗೆ ಮರೆಯಾಗಿ ಕುಳಿತು, ಮುಂದೊಂದು ದಿನ ಘಟ್ಟದ ತಿರುವಿನಲ್ಲಿ ಚಾಲಕನ ಕೈಗೆ ಅಡ್ಡಿಯಾಗಿ ತೋರುತ್ತದೆ.

ಮೇಸ್ತ್ರಿಗಳು ತಂದ ಪುಲ್ಲರ್ ಬಹಳ ಸರಳವಾದ ಸಾಧನ: ಒಂದು ಅಡ್ಡಪಟ್ಟಿ, ಅದರ ನಡುವೆ ಒಂದು ದಪ್ಪ ತಿರುಪು, ಪಕ್ಕಗಳಲ್ಲಿ ಎರಡು ಬೋಲ್ಟುಗಳು. ಬೋಲ್ಟುಗಳನ್ನು ಗುಂಬದಲ್ಲಿದ್ದ ಎರಡು ರಂಧ್ರಗಳಿಗೆ ಸಮನಾಗಿ ತಿರುಗಿಸಿ, ನಡುವಣ ತಿರುಪಿನ ಮೊನೆಯನ್ನು ದಂಡದ ತಲೆಯ ಮೇಲೆ ನಿಲ್ಲಿಸಿದರು. ಇಲ್ಲಿ ನಟ್ಟಿನ ಅಗಲವಾದ ತಳದ ಉಜ್ಜಾಟವಿಲ್ಲ. ಆದಕಾರಣ ಆದರ್ಶ ಬಲದ ಎಂಟರಲ್ಲಿ ಒಂದು ಪಾಲು ದೊರೆತರೂ, ಅದೇ ಅಳತೆಯ ಸ್ಪ್ಯಾನರನ್ನು 10 ಕಿಲೋಗ್ರಾಂ ಬಲದಿಂದ ಎಳೆದ ಕೈಗೆ 1,500 ಕಿಲೋಗ್ರಾಮಿಗೂ ಮೀರಿದ ಬಲ ಲಭಿಸುತ್ತದೆ.

ಆದರೆ ಪುಲ್ಲರಿನ ನಿಜವಾದ ಹಿರಿಮೆ ಈ ಸಂಖ್ಯೆಯಲ್ಲಿಲ್ಲ. ತಿರುಪು ದಂಡವನ್ನು ಎಷ್ಟು ಬಲದಿಂದ ಕೆಳಕ್ಕೆ ಒತ್ತುತ್ತದೆಯೋ, ಬೋಲ್ಟುಗಳು ಗುಂಬವನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುತ್ತವೆ. ಕಚ್ಚಿಕೊಂಡಿರುವ ಗುಂಬವು ತಾನೂ ದಂಡವನ್ನು ಅಷ್ಟೇ ಬಲದಿಂದ ಮೇಲಕ್ಕೆ ಸೆಳೆಯುತ್ತದೆ. ಬಲಗಳೆಲ್ಲ ದಂಡದ ತುದಿಯಲ್ಲೇ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಕೆಳಗಿನ ಪೆಟ್ಟಿಗೆಗೆ ಅದರ ಸುಳಿವೂ ತಿಳಿಯುವುದಿಲ್ಲ. ನ್ಯೂಟನ್ನನ ಮೂರನೆಯ ನಿಯಮವನ್ನು ಬಾಯಿಪಾಠ ಮಾಡಿದವರು ಈ ದೃಶ್ಯವನ್ನು ಒಮ್ಮೆ ನೋಡಬೇಕು. ಬಲ ಎಷ್ಟು ಎಂಬ ಪ್ರಶ್ನೆಗಿಂತ, ಅದರ ಎದುರುಬಲವನ್ನು ಹೊರುವವರು ಯಾರು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯ.

ತಾಳ್ಮೆಯೂ ಒಂದು ಸಾಧನ

ಮೇಸ್ತ್ರಿಗಳು ತಿರುಪನ್ನು ಬಿಗಿದರು, ಚಕ್ರ ಬರಲಿಲ್ಲ. ಅವರು ಇನ್ನಷ್ಟು ಬಿಗಿಯಲಿಲ್ಲ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂದಿಗೆ ಹನಿಸಿ, ಬಿಗಿತವನ್ನು ಹಾಗೆಯೇ ಉಳಿಸಿ, ಊಟಕ್ಕೆ ಎದ್ದರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೇಶಾಕರ್ಷಣೆಯಿಂದ ಅದು ಕಿರುಸಂದುಗಳಿಗೆ ತಾನಾಗಿ ನುಗ್ಗುತ್ತದೆ. ಆದರೆ ಅದಕ್ಕೆ ಕಾಲಾವಕಾಶ ಬೇಕು.

ಹಿಂತಿರುಗಿ ಬಂದು, ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಿಂದೆತ್ತಿ ಗುಂಬಕ್ಕೆ ಸುತ್ತಿದರು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಕಂಡವರಿಗೆ ಇದರ ಗುಟ್ಟು ತಿಳಿದೀತು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. ಗುಂಬವು ದಂಡಕ್ಕಿಂತ 50 ಡಿಗ್ರಿ ಬಿಸಿಯಾದರೆ 20 ಮಿಲಿಮೀಟರ್ ವ್ಯಾಸದ ರಂಧ್ರ 0.012 ಮಿಲಿಮೀಟರ್ ಅಗಲವಾಗುತ್ತದೆ. ಇದು ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ. ಆದರೂ ಶಂಕುವಿನ ಓರೆ 10ಕ್ಕೆ 1 ಇರುವುದರಿಂದ, ಗುಂಬವು ಅದರ ಹತ್ತರಷ್ಟು, ಎಂದರೆ 0.12 ಮಿಲಿಮೀಟರ್ ಮೇಲಕ್ಕೆ ಸರಿದಂತೆಯೇ ಸಡಿಲವಾಗುತ್ತದೆ. ಬೆಂಕಿಯ ಉರಿಯನ್ನು ಹಿಡಿದಿದ್ದರೆ ಚಕ್ರದ ಹೊದಿಕೆಯೂ ಹಾರ್ನಿನ ತಂತಿಯೂ ಸುಟ್ಟುಹೋಗುತ್ತಿದ್ದವು.

ಬಳಿಕ ತಿರುಪಿಗೆ ಕಾಲು ಸುತ್ತು ಕೊಟ್ಟು, ಗುಂಬದ ಒಂದು ಪಕ್ಕಕ್ಕೆ ಭಾರವಾದ ಕಬ್ಬಿಣವನ್ನು ಆನಿಸಿ, ಎದುರು ಪಕ್ಕಕ್ಕೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ದಂಡದ ಗುಂಟ ಇಳಿಯದೆ ಅಡ್ಡಲಾಗಿ ಹೋಗುವ ಈ ಅದುರು, ಮುಟ್ಟಿಕೊಂಡಿರುವ ಮೈಗಳ ಹಿಡಿತವನ್ನು ಕ್ಷಣಕಾಲ ಸಡಿಲಿಸುತ್ತದೆ. ಮೂರನೆಯ ತಟ್ಟಿಗೆ ಟಣ್ ಎಂಬ ಸದ್ದಾಯಿತು. ಚಕ್ರ ಒಂದು ಬೆರಳಿನ ಅರ್ಧದಷ್ಟು ಎದ್ದು ನಿಂತಿತು.

ನಿಂತಿತು ಎಂದೆವು, ಏಕೆಂದರೆ ಮೇಸ್ತ್ರಿಗಳು ಪುಲ್ಲರನ್ನು ಹೂಡುವ ಮೊದಲೇ ನಟ್ಟನ್ನು ಮತ್ತೆ ನಾಲ್ಕು ಎಳೆಯಷ್ಟು ತಿರುಗಿಸಿ ಇಟ್ಟಿದ್ದರು. ಬಾಗಿದ ಅಡ್ಡಪಟ್ಟಿಯಲ್ಲಿಯೂ ಎಳೆದ ಬೋಲ್ಟುಗಳಲ್ಲಿಯೂ ಬಿಲ್ಲಿನಲ್ಲಿರುವಂತೆ ಸ್ಥಿತಿಸ್ಥಾಪಕ ಶಕ್ತಿ ತುಂಬಿರುತ್ತದೆ. ನಟ್ಟಿಲ್ಲದಿದ್ದರೆ ಆ ಚಕ್ರ ಮುಂದೆ ಬಾಗಿ ನಿಂತವನ ಗಲ್ಲಕ್ಕೆ ಬಡಿಯುತ್ತಿತ್ತು. ಇನ್ನೊಂದು ಎಚ್ಚರಿಕೆಯನ್ನೂ ಅವರು ಮರೆತಿರಲಿಲ್ಲ: ಮುಂದಿನ ಗಾಲಿಗಳನ್ನು ನೇರವಾಗಿ ನಿಲ್ಲಿಸಿ, ದಂಡಕ್ಕೂ ಗುಂಬಕ್ಕೂ ಒಂದೇ ಸಾಲಿನಲ್ಲಿ ಗುರುತು ಹೊಡೆದಿದ್ದರು. ಸ್ಪ್ಲೈನಿಗೆ 36 ಹಲ್ಲುಗಳಿದ್ದರೆ, ಒಂದು ಹಲ್ಲು ತಪ್ಪಿ ಕೂರಿಸಿದ ಚಕ್ರ 10 ಡಿಗ್ರಿ ಓರೆಯಾಗಿ ನಿಲ್ಲುತ್ತದೆ.

ವಾಚಕರಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ಬ್ಯಾಟರಿಯ ತಂತಿಯನ್ನು ಮೊದಲು ಬಿಚ್ಚಬೇಕು. ಚಕ್ರದೊಳಗೆ ಗಾಳಿಚೀಲವನ್ನು ಅಡಗಿಸಿಕೊಂಡ ಈಚಿನ ವಾಹನಗಳ ಗೊಡವೆಗಂತೂ ಹೋಗಲೇಬಾರದು. ಆ ಚೀಲ ಸಿಡಿದರೆ ಪ್ರಾಣಾಪಾಯವುಂಟು.

ಕೆಲಸ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಯು ದಂಡದ ತುದಿಯನ್ನು ಬೆರಳಿನಿಂದ ಸವರಿ ನೋಡಿದನು. ಒಂದು ಎಳೆಯೂ ಮುಕ್ಕಾಗಿರಲಿಲ್ಲ. ಸುತ್ತಿಗೆ ಎತ್ತಿದ್ದ ಹುಡುಗನು ತಾನೇ ಮುಂದೆ ಬಂದು ನಟ್ಟನ್ನು ಬೆರಳ ತುದಿಯಿಂದ ತಿರುಗಿಸಿದನು. ಅದು ಕೊನೆಯವರೆಗೂ ಸಲೀಸಾಗಿ ಇಳಿಯಿತು. ಮೇಸ್ತ್ರಿಗಳು ಕೈಯೊರಸಿಕೊಳ್ಳುತ್ತ ಅವನಿಗೆ ಹೊಸ ಬೇರಿಂಗನ್ನು ತರಲು ಹೇಳಿದರು.