ಕಳ್ಳರು ಕಡಲಲ್ಲಿ, ಉತ್ತರ ದಡದಲ್ಲಿ

ತಾಳಗುಪ್ಪದಲ್ಲಿ ರೈಲುಹಳಿ ಮುಗಿಯುತ್ತದೆ. ಮುಂದೆ ಘಟ್ಟ ಇಳಿದರೆ ಗೇರುಸೊಪ್ಪೆ, ಹೊನ್ನಾವರ, ಅರಬ್ಬೀ ಸಮುದ್ರ. ಮಲೆನಾಡಿನ ಈ ಮೂಲೆಗೂ ಕಡಲ್ಗಳ್ಳರಿಗೂ ಎಲ್ಲಿಯ ನಂಟು ಎಂದು ವಿದ್ಯಾರ್ಥಿಗಳು ಕೇಳಬಹುದು. ನಂಟು ಉಂಟು. ನಾಲ್ಕು ಶತಮಾನಗಳ ಹಿಂದೆ ಕರಾವಳಿಯ ವ್ಯಾಜ್ಯಗಳು ಘಟ್ಟ ಹತ್ತಿ ಸಾಗರದ ಸಮೀಪದ ಇಕ್ಕೇರಿಗೆ ಬರುತ್ತಿದ್ದವು.

1623ರಲ್ಲಿ ಗೋವಾದ ಪೋರ್ಚುಗೀಸರು ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದರು. ಮಂಗಳೂರು ಸೀಮೆಯ ಬಂಗ ಅರಸನ ತಕರಾರು ಮಾತುಕತೆಯ ಮುಖ್ಯ ವಿಷಯ. ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪಯಣವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹೊನ್ನಾವರ ತಲುಪುವ ಮೊದಲೇ ಅವರಿಗೆ ಮಲಬಾರಿನ ಕಡಲ್ಗಳ್ಳರ ದೋಣಿಗಳು ಎದುರಾದವು.

ತೊಡಕು ಇರುವುದು ಇಲ್ಲಿಯೇ. ಕಳ್ಳರ ಹಗುರ ದೋಣಿ ಅಳಿವೆಯೊಳಗೆ ನುಗ್ಗಿದರೆ ದೊಡ್ಡ ಹಡಗು ಬೆನ್ನಟ್ಟಲಾರದು. ದಡ ಇನ್ನೊಬ್ಬ ಅರಸನದು. ಅಲ್ಲಿ ಗುಂಡು ಹಾರಿಸಿದರೆ ಕಳ್ಳನಿಗೆ ಕೊಡುವ ಶಿಕ್ಷೆ ಅರಸನ ಮೇಲಿನ ಯುದ್ಧವಾಗುತ್ತದೆ. ಇತ್ತ ತಮ್ಮ ರಹದಾರಿ ಇಲ್ಲದ ಹಡಗುಗಳನ್ನು ಪೋರ್ಚುಗೀಸರೂ ಹಿಡಿಯುತ್ತಿದ್ದರು. ಸರಕು ಕಳೆದುಕೊಂಡ ವರ್ತಕನಿಗೆ ಇಬ್ಬರಲ್ಲಿ ಏನು ವ್ಯತ್ಯಾಸ?

ಮುನ್ನೂರು ವರ್ಷಗಳ ನಂತರ ಚೀನಾದ ಕಡಲಲ್ಲಿ ಇದೇ ಪ್ರಶ್ನೆ ಎದ್ದಿತು. ಅಲ್ಲಿನ ಕಳ್ಳರು ಟಿಕೆಟ್ ಕೊಂಡು ಪ್ರಯಾಣಿಕರಂತೆ ಉಗಿಹಡಗು ಹತ್ತುತ್ತಿದ್ದರು. ನಡುಗಡಲಲ್ಲಿ ಪಿಸ್ತೂಲು ತೋರಿಸಿ ಹಡಗನ್ನು ಹಾಂಗ್‌ಕಾಂಗ್ ಸಮೀಪದ ಬಯಾಸ್ ಕೊಲ್ಲಿಗೆ ತಿರುಗಿಸುತ್ತಿದ್ದರು. ಕೊಲ್ಲಿಯ ದಡ ಚೀನಾದ್ದು, ಆದರೆ ಅಲ್ಲಿ ಸರಕಾರದ ಹಿಡಿತ ಸಡಿಲವಾಗಿತ್ತು. 1927ರ ಮಾರ್ಚ್‌ನಲ್ಲಿ ಬ್ರಿಟಿಷ್ ನೌಕಾಪಡೆ ದಡಕ್ಕಿಳಿದು ಹಳ್ಳಿಗಳ ಮನೆಗಳಿಗೆ ಬೆಂಕಿಯಿಟ್ಟಿತು. ಕಳ್ಳತನ ನಿಂತಿತೇ? ಇಲ್ಲ. 1935ರ ಜನವರಿಯಲ್ಲಿ ಸುಮಾರು 70 ಶಾಲಾಮಕ್ಕಳಿದ್ದ ‘ತುಂಗ್‌ಚೌ’ ಹಡಗನ್ನೇ ಅಪಹರಿಸಿದರು. ಪುಣ್ಯಕ್ಕೆ ಮಕ್ಕಳು ಸುರಕ್ಷಿತವಾಗಿ ಮರಳಿದರು. ಆದರೆ ಕಾವಲುಗಾರನೊಬ್ಬ ಪ್ರಾಣ ಕಳೆದುಕೊಂಡ.

ಈಗ ಇದಕ್ಕೊಂದು ಕಾನೂನಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ ತೆರೆದ ಸಮುದ್ರದಲ್ಲಿ ಕಡಲ್ಗಳ್ಳರನ್ನು ಯಾವ ದೇಶವೂ ಹಿಡಿಯಬಹುದು. ತೀರದಿಂದ 12 ನಾಟಿಕಲ್ ಮೈಲಿಯೊಳಗೆ ಮಾತ್ರ ಆಯಾ ದೇಶದ ಅಧಿಕಾರ. ಅದಕ್ಕಾಗಿಯೇ 2008ರಲ್ಲಿ ಸೋಮಾಲಿಯಾದ ಕಡಲಿಗೆ ಪರದೇಶದ ನೌಕೆಗಳು ಪ್ರವೇಶಿಸಲು ಅಲ್ಲಿನ ಸರಕಾರದ ಒಪ್ಪಿಗೆಯೂ ಭದ್ರತಾ ಮಂಡಳಿಯ ನಿರ್ಣಯವೂ ಬೇಕಾದವು.

ಫಿರಂಗಿ ಕಳ್ಳನನ್ನು ಓಡಿಸಬಲ್ಲದು. ಅವನಿಗೆ ಆಸರೆ ಸಿಗದಂತೆ ಮಾಡಬಲ್ಲವನು ದಡದ ಒಡೆಯ ಮಾತ್ರ. ಆತನನ್ನು ಒಪ್ಪಿಸಬೇಕಾದರೆ ಯಾರಾದರೂ ಘಟ್ಟ ಹತ್ತಿ ಮಾತಾಡಲೇಬೇಕು.