ಡಿಫರೆನ್ಷಿಯಲ್‌ನಿಂದ ಹಾಲು ಕಾಫಿ ಬಂತು!

ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಕಳಸದ ಹತ್ತಿರ ಇರೋ ಗೆಳೆಯನ ಮನೆಗೆ ಹೋಗಿದ್ವಿ. ಅವರ ತೋಟದ ಹಳೇ ಜೀಪಿನ ಹಿಂದಿನ ಹೌಸಿಂಗ್‌ನಿಂದ ಗುಂಯ್ ಅಂತ ಸದ್ದು ಬರ್ತಿತ್ತು. "ಮೆಕ್ಯಾನಿಕಲ್ ಓದ್ತೀರಲ್ಲ, ಎಂತ ಅಂತ ನೋಡಿ" ಅಂದ್ರು ಅವನ ಅಪ್ಪ. ಡ್ರೈನ್ ಪ್ಲಗ್ ಬಿಚ್ಚಿದ್ರೆ ಬಂದದ್ದು ಕಪ್ಪು ಎಣ್ಣೆಯಲ್ಲ, ಹಾಲು ಜಾಸ್ತಿಯಾದ ಕಾಫಿ ಬಣ್ಣದ ದ್ರವ!

ಎಣ್ಣೆಗೆ ನೀರು ಸೇರಿತ್ತು. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಮೇಲಿರೋ ಸಣ್ಣ ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ರೆ, ಗಾಳಿ ಬದಲು ಆಯಿಲ್ ಸೀಲ್ ಸಂದಿಯಿಂದ ನೀರನ್ನೇ ಎಳ್ಕೊಳ್ಳುತ್ತೆ. ನಾವು ನೋಡಿದ ಬ್ರೀದರ್ ಪೂರ್ತಿ ಮಣ್ಣು.

ಹೊಸ ಎಣ್ಣೆ ತರೋಕೆ ಪೇಟೆಗೆ ಹೋದ್ರೆ ಅಂಗಡಿಯವರು ಕೇಳಿದ್ರು: "ನೈಂಟಿಯಾ, ಒನ್ ಫಾರ್ಟಿಯಾ?" (ನಮ್ಮಲ್ಲೊಬ್ಬನಿಗೆ ನೈಂಟಿ ಅಂದ್ರೆ ಬೇರೇನೋ ನೆನಪಾಗಿ ನಗು.) "ಜಿಎಲ್-4 ಬೇಕೋ, 5 ಬೇಕೋ?" ನಾವು ಮೂವರೂ ಮೌನ. ಆಮೇಲೆ ಕೂತು ಓದಿದ್ದೇ ಈ ಲೇಖನ.

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಘರ್ಷಣೆ ಅಂದ್ರೆ ಮ್ಯೂ ಅನ್ನೋ ಒಂದು ಸಂಖ್ಯೆ. 0.3 ಅಂತ ಕೊಟ್ಟುಬಿಡ್ತಾರೆ, ನಾವು ಗುಣಿಸಿ ಮಾರ್ಕ್ಸ್ ತಗೋತೀವಿ. ಎಣ್ಣೆ ಇರೋ ಕಡೆ ಅದು ಹಾಗೆ ನಿಂತಿರಲ್ಲ. ಜರ್ಮನಿಯ ಎಂಜಿನಿಯರ್ ಸ್ಟ್ರೈಬೆಕ್ 1902ರಲ್ಲಿ ಬೇರಿಂಗ್‌ಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ವೇಗ, ಭಾರ ಬದಲಾದ ಹಾಗೆ ಘರ್ಷಣೆಯೂ ಬದಲಾಗುತ್ತೆ ಅಂತ ಅದರಲ್ಲಿ ತೋರಿಸಿದ. ವೇಗ ಇದ್ದಾಗ ಎಣ್ಣೆ ತಾನಾಗಿ ನಡುವೆ ನುಗ್ಗಿ ಎರಡು ಲೋಹಗಳನ್ನು ದೂರ ಇಡುತ್ತೆ. ವೇಗ ಇಳಿದು ಭಾರ ಏರಿದ್ರೆ ಪದರ ಹರಿದು, ಕಣ್ಣಿಗೆ ಕಾಣದ ಉಬ್ಬುಗಳು ಒಂದಕ್ಕೊಂದು ತಾಗುತ್ತವೆ. ಮೂಟೆ ತುಂಬಿದ ಜೀಪು ಫಸ್ಟ್ ಗೇರ್‌ನಲ್ಲಿ ತೋಟದ ಏರು ಹತ್ತೋದು ಅಂದ್ರೆ ಇದೇ ಸ್ಥಿತಿ.

ಡಿಫರೆನ್ಷಿಯಲ್‌ನಲ್ಲಿ ಕಷ್ಟ ಇನ್ನೂ ಜಾಸ್ತಿ. ಹೈಪಾಯ್ಡ್ ಗೇರ್‌ನಲ್ಲಿ ಪಿನಿಯನ್ ಕ್ರೌನ್ ವೀಲ್‌ನ ನಡುಮಧ್ಯಕ್ಕೆ ನೇರವಾಗಿ ಇರಲ್ಲ, ಸ್ವಲ್ಪ ಕೆಳಗಿರುತ್ತೆ. ಹಾಗಾಗಿ ಹಲ್ಲುಗಳು ಉರುಳೋದರ ಜೊತೆಗೆ ಉದ್ದಕ್ಕೂ ಜಾರುತ್ತವೆ, ಕತ್ತಿ ಮಸೆದ ಹಾಗೆ. ಇಲ್ಲಿ ಎಣ್ಣೆ ಮಂದ ಇದ್ರೆ ಮಾತ್ರ ಸಾಲದು. ಅದಕ್ಕೆ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸ್ತಾರೆ. ಗೇರ್ ಆಯಿಲ್‌ನ ಆ ಕೆಟ್ಟ ವಾಸನೆ ಗಂಧಕದ್ದೇ. ಹಲ್ಲು ತಾಗಿ ಬಿಸಿಯಾದ ಜಾಗದಲ್ಲಿ ಇವು ಉಕ್ಕಿನ ಜೊತೆ ಸೇರಿ ತೆಳು ಪದರ ಆಗುತ್ತವೆ. ಸವೆಯೋದು ಆ ಪದರ, ಹಲ್ಲು ಉಳಿಯುತ್ತೆ. ಜಿಎಲ್-5ರಲ್ಲಿ ಈ ಮದ್ದು ಜಾಸ್ತಿ, ಹೈಪಾಯ್ಡ್‌ಗೆ ಅದೇ ಬೇಕು.

ಹಾಗಾದ್ರೆ ಮಿಕ್ಕ ಎಣ್ಣೆಯನ್ನ ಗೇರ್‌ಬಾಕ್ಸಿಗೂ ಸುರಿದುಬಿಡೋಣ ಅಂತ ಹೊರಟಿದ್ವಿ. ಪಕ್ಕದ ಗ್ಯಾರೇಜಿನವರು ಕೂಗಿದ್ರು: "ಅದಕ್ಕೆ ಹಾಕ್ಬೇಡಿ ಮಾರಾಯ್ರೆ!" ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್‌ಗಳು ಹೆಚ್ಚಾಗಿ ಹಿತ್ತಾಳೆಯವು. ಕೆಲವು ಜಿಎಲ್-5 ಎಣ್ಣೆಗಳ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನ ತಿನ್ನುತ್ತೆ. ಜೊತೆಗೆ ಆ ರಿಂಗ್ ಕೆಲಸ ಮಾಡೋದೇ ಘರ್ಷಣೆಯಿಂದ. ಜಾರಿದ್ರೆ ಗೇರ್ ಕರಕರ ಅನ್ನುತ್ತೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಸೋಗೆ ಹಾಸೋದು ಯಾಕೆ? ಅಲ್ಲಿ ಘರ್ಷಣೆ ಬೇಕು. ಘರ್ಷಣೆ ಯಾವಾಗ್ಲೂ ನಷ್ಟ ಅಂತ ಅಂದ್ಕೊಂಡಿದ್ದ ನಮಗೆ ಇದು ಹೊಸದು.

ಇನ್ನು ಸಂಖ್ಯೆ. 90 ಅಂದ್ರೆ 40ರ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ಮಂದ ಅಂತ ನಾವು ನಂಬಿದ್ವಿ, ಅದು ತಪ್ಪು. ಎರಡರ ಅಳತೆಗೋಲೇ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರ ಗೇರ್ ಆಯಿಲ್ ಕನಿಷ್ಠ 13.5 ಸೆಂಟಿಸ್ಟೋಕ್ ಇರ್ಬೇಕು. 40ರ ಎಂಜಿನ್ ಆಯಿಲ್ 12.5ರಿಂದ 16.3ರ ಒಳಗೆ. ಹೆಚ್ಚುಕಡಿಮೆ ಅಕ್ಕಪಕ್ಕ! 140 ಆದ್ರೆ ಕನಿಷ್ಠ 24. 80ಡಬ್ಲ್ಯೂ-90ರಲ್ಲಿ ಡಬ್ಲ್ಯೂ ಇರೋ ಸಂಖ್ಯೆ ಕೊರೆಯೋ ಚಳಿಗೆ ಸಂಬಂಧಿಸಿದ್ದು. 80ಡಬ್ಲ್ಯೂ ಪರೀಕ್ಷೆ ಮೈನಸ್ 26 ಡಿಗ್ರಿಯಲ್ಲಿ ನಡೆಯುತ್ತೆ. ಮುಳ್ಳಯ್ಯನಗಿರಿಯ ತುದಿಯಲ್ಲೂ ಅಂಥ ಚಳಿ ಇಲ್ಲ, ನಮಗೆ ಮುಖ್ಯ ಎರಡನೇ ಸಂಖ್ಯೆ. ಮ್ಯಾನುಯಲ್ ಏನು ಹೇಳುತ್ತೋ ಅದನ್ನೇ ಹಾಕಿ. ಸದ್ದು ಮುಚ್ಚೋಕೆ 140 ಸುರಿಯೋದು ಜ್ವರಕ್ಕೆ ಕಂಬಳಿ ಹೊದ್ದ ಹಾಗೆ ಅಂತ ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಯಾಕೆ ಅಂದ್ರೆ, ಹೊರನಾಡಿನ ಹತ್ತಿರದ ಕ್ಯಾತನಮಕ್ಕಿಯಂಥ ಇಳಿಜಾರಿನಲ್ಲಿ ಜೀಪನ್ನ ಬರೀ ಬ್ರೇಕ್ ನಂಬಿ ಇಳಿಸಲ್ಲ, ಫಸ್ಟ್ ಗೇರ್ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಸ್ತಾರೆ. ಆ ಹಿಡಿತ ಚಕ್ರಕ್ಕೆ ಹೋಗೋದು ಈ ಕ್ರೌನ್-ಪಿನಿಯನ್ ಹಲ್ಲುಗಳ ಮೂಲಕವೇ. ಟೂ ವೀಲ್ ಡ್ರೈವ್‌ನಲ್ಲಿ ಇಳಿಯುವಾಗ ಹಲ್ಲು ಮುರಿದ್ರೆ ಎಂಜಿನ್ ಹಿಡಿತ ಪೂರ್ತಿ ಹೋಯ್ತು. ಗೆಳೆಯನ ಜೀಪಿನ ಹಿಂದೆ ದಿನಾ ಕೂರೋದು ತೋಟದ ಕೆಲಸಕ್ಕೆ ಬರೋ ಹೆಂಗಸರು.

ಜಿಎಲ್-5, 90 ಹಾಕಿ, ಹತ್ತು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ತುಂಬಿದ್ವಿ. (ಡ್ರೈನ್ ಪ್ಲಗ್‌ಗಿಂತ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದಿದ್ರೆ ಖಾಲಿ ಹೌಸಿಂಗ್ ಇಟ್ಕೊಂಡು ಕೂರ್ಬೇಕಾಗುತ್ತೆ.) ಬ್ರೀದರ್ ತೊಳೆದ್ವಿ. ಸದ್ದು ಸ್ವಲ್ಪ ಇಳೀತು, ಹೋಗಲಿಲ್ಲ. ಸವೆದ ಲೋಹವನ್ನ ಎಣ್ಣೆ ವಾಪಸ್ ತರಲ್ಲ. ನವೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾಗೋ ಮೊದಲು ಹೌಸಿಂಗ್ ಬಿಚ್ಚಿಸ್ತೀನಿ ಅಂತ ಗೆಳೆಯನ ಅಪ್ಪ ಹೇಳಿದ್ದಾರೆ. ಅಲ್ಲಿವರೆಗೆ ಜೀಪು ಹಳ್ಳಕ್ಕೆ ಇಳಿಯಲ್ಲ.